ಹೊಳೆಯ ಮೇಲೆ ಹೊರಿಸಿದ ಸಾವು

ಗಿಡ್ಡಮ್ಮ ಜಲ್ಲಿ ಒಡೆಯುತ್ತಿದ್ದಳು. ಮೇಸ್ತ್ರಿ ಗುರುವಯ್ಯ ಬಂದು, ಅವಳ ನೆರಳು ತನಗೆ ತಾಗದಷ್ಟು ದೂರದಲ್ಲಿ ನಿಂತು, ಒಡೇರು ಕರೆಯುತ್ತಿದ್ದಾರೆ ಎಂದ. ಕೈಯಲ್ಲಿದ್ದ ಕಲ್ಲು ಒಡೆಯುವವರೆಗೆ ಅವಳು ತಲೆಯೆತ್ತಲಿಲ್ಲ. ಎಡಗೈ ಬೆರಳುಗಳಿಗೆ ಸುತ್ತಿದ್ದ ಬಟ್ಟೆಯ ಚೂರು ರಕ್ತ ಒಣಗಿ ಕಪ್ಪಾಗಿತ್ತು. ಬೆಳಗಿನಿಂದ ಕೂತು ಸೊಂಟ ಮರಗಟ್ಟಿತ್ತು. ಕೂಲಿ ಹೆಂಗಸನ್ನು ಒಡೇರು ಒಳ್ಳೆಯದಕ್ಕೆ ಕರೆಸಿದ್ದನ್ನು ಅವಳು ಕಂಡಿರಲಿಲ್ಲ. ಸುತ್ತಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಎದ್ದಳು.

ಬಾಳೂರಿನಿಂದ ಕಳಸದ ಕಡೆಗೆ ಹೋಗುವ ಆ ರಸ್ತೆ ಹೊಳೆಯ ದಂಡೆಗೆ ಬಂದು ಮುಗಿದುಹೋಗುತ್ತಿತ್ತು. ಆ ಜಾಗಕ್ಕೆ ದೋಣಿಗಂಡಿ ಎನ್ನುತ್ತಿದ್ದರು. ಆಚೆಗೆ ಹೋಗುವ ಜನ, ಅಕ್ಕಿ, ಉಪ್ಪು, ಟಪಾಲು ಎಲ್ಲ ದೋಣಿಯಲ್ಲೇ ಹೋಗಬೇಕು. ಗಿಡ್ಡಮ್ಮನ ಕೇರಿ ಆಚೆ ದಂಡೆಯಲ್ಲಿತ್ತು. ಹನ್ನೊಂದು ಗುಡಿಸಲು. ಆದರೆ ದೋಣಿ ಹೊಲೆಯರ ಕೇರಿಯವರಿಗೆ ಇರಲಿಲ್ಲ. ಅವರು ಒಂದೂವರೆ ಮೈಲಿ ಮೇಲಕ್ಕೆ ನಡೆದು, ಬಂಡೆಯಿಂದ ಬಂಡೆಗೆ ಅಡ್ಡ ಹಾಕಿದ ಮರದ ಸಂಕವನ್ನು ದಾಟಿ, ಮತ್ತೆ ಅಷ್ಟೇ ದೂರ ಕೆಳಗೆ ನಡೆದು ಕೆಲಸಕ್ಕೆ ಬರುತ್ತಿದ್ದರು. ಕಲ್ಲು ಒಡೆದು ಸೋತ ಮೈಯನ್ನು ಸಂಜೆ ಅದೇ ದಾರಿಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದರು. ಮಳೆಗಾಲದಲ್ಲಿ ಸಂಕ ಕೊಚ್ಚಿಹೋಗುತ್ತಿತ್ತು. ಆಮೇಲೆ ನಾಲ್ಕು ತಿಂಗಳು ಕೇರಿಗೆ ಲೋಕವೇ ಇಲ್ಲ.

ಕೂಲಿಗಳು ಒಡೇರು ಎನ್ನುತ್ತಿದ್ದ ಕಂಟ್ರಾಕ್ಟರ್ ಸಿದ್ದಬಸಪ್ಪನವರು ಮೂಡಿಗೆರೆಯವರು. ಪೇಟೆಯಲ್ಲಿ ಅಂಗಡಿ, ಹತ್ತಾರು ಎತ್ತಿನಗಾಡಿ, ಹೊಳೆಯಾಚೆ ಒಂದಿಷ್ಟು ಕಾಫಿ ತೋಟ. ಆ ತೋಟದ ಅಂಚಿನಲ್ಲೇ ಕೇರಿಯ ಮೂರು ಗುಡಿಸಲುಗಳಿದ್ದವು. ಅದರಲ್ಲಿ ಒಂದು ಗಿಡ್ಡಮ್ಮನದು.

ಆ ವರ್ಷಗಳಲ್ಲಿ ಕಾಫಿಯ ಧಾರಣೆ ಬಿದ್ದುಹೋಗಿತ್ತು. ಸರ್ಕಾರ ಹೊಸ ಕೆಲಸಗಳನ್ನು ನಿಲ್ಲಿಸಿತ್ತು. ಕಂಟ್ರಾಕ್ಟರುಗಳ ಗಾಡಿಗಳು ಮೂಕಿ ನೆಲಕ್ಕೆ ಹಾಕಿ ನಿಂತಿದ್ದವು. ಹಾಗಾಗಿ ಜಿಲ್ಲೆಯ ಕಂಟ್ರಾಕ್ಟರುಗಳೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ತೋಟಗಾರರನ್ನೂ ಜೊತೆಗೆ ಸೇರಿಸಿಕೊಂಡರು. ದೋಣಿಗಂಡಿಗೆ ಸೇತುವೆ, ಆಚೆಗೆ ಹನ್ನೆರಡು ಮೈಲಿ ಹೊಸ ರಸ್ತೆ, ಇಷ್ಟಕ್ಕೆ ಸರ್ಕಾರದ ಬೊಕ್ಕಸದಿಂದ ಮಂಜೂರಾತಿ ತರಿಸಬೇಕು. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಒಬ್ಬ ಸದಸ್ಯರಿಂದ ಪ್ರಶ್ನೆ ಕೇಳಿಸಿದ್ದಾಯಿತು. ಬೆಂಗಳೂರಿಗೆ ಎರಡು ಸಲ ಹೋಗಿ, ದೊಡ್ಡವರ ಮನೆಗೆ ಹಣ್ಣಿನ ಬುಟ್ಟಿ ಮುಟ್ಟಿಸಿ ಬಂದದ್ದಾಯಿತು. ಮೊದಲ ಅರ್ಜಿಯಲ್ಲಿ ತೋಟಗಳಿಂದ ಎಷ್ಟು ಮೂಟೆ ಕಾಫಿ ಕೆಳಗಿಳಿಯುತ್ತದೆ ಎಂದು ಬರೆದಿದ್ದರು. ಅದು ವಾಪಸು ಬಂತು. ತೋಟಗಾರರ ಅನುಕೂಲಕ್ಕೆ ಈಗ ಹಣವಿಲ್ಲ ಎಂದಿದ್ದರು. ಆಗ ಸಂಘದಲ್ಲಿ ಯಾರೋ ಒಬ್ಬರು, ಮೂಟೆಗಳನ್ನು ಬಿಡಿ, ಬಡವರ ಕಷ್ಟ ಬರೆಯಿರಿ, ಸಾಧ್ಯವಾದರೆ ಒಂದು ಸಾವು ಬರೆಯಿರಿ ಎಂದು ಹೇಳಿದರು. ಸಿದ್ದಬಸಪ್ಪನವರ ಹತ್ತಿರ ಒಂದು ಸಾವು ಇತ್ತು.

ಅದು ಗಿಡ್ಡಮ್ಮನ ಗಂಡ ಭೂತಯ್ಯನ ಸಾವು.

ಏಳು ತಿಂಗಳ ಹಿಂದೆ ಇದೇ ರಸ್ತೆಯ ಮೂರನೇ ಮೈಲಿಯಲ್ಲಿ ಸಿದ್ದಬಸಪ್ಪನವರು ಒಂದು ಮೋರಿ ಕಟ್ಟಿಸುತ್ತಿದ್ದರು. ಕಲ್ಲಿನ ಕಮಾನು, ಸುಣ್ಣದ ಗಾರೆ. ಕಮಾನಿನ ಕೆಳಗೆ ಆಸರೆಗೆ ಮರಗಳನ್ನು ಕೊಟ್ಟಿದ್ದರು. ಗಾರೆ ಗಟ್ಟಿಯಾಗಲು ಇಪ್ಪತ್ತೊಂದು ದಿನವಾದರೂ ಬೇಕು. ಹನ್ನೊಂದನೇ ದಿನ ಮರ ತೆಗೆಯಲು ಹೇಳಿದರು. ಮೃಗಶಿರಾ ಮಳೆ ಹಿಡಿಯುವ ಮುಂಚೆ ಅದೇ ಮರಗಳಿಂದ ಇನ್ನೊಂದು ಮೋರಿ ಏಳಬೇಕಾಗಿತ್ತು. ಗಾರೆ ಕೆಲಸದವರು, ಹಸಿ ಇದೆ ಎಂದು ಹಿಂದೆ ಸರಿದರು. ಅವರಿಗೆ ಹಿಂದೆ ಸರಿಯುವ ಅಧಿಕಾರವಿತ್ತು. ಭೂತಯ್ಯನಿಗೆ ಇರಲಿಲ್ಲ. ಹಾರೆ ಹಿಡಿದು ಒಳಗೆ ತೂರಿದ. ಎರಡನೇ ಮರ ಬಿದ್ದ ಕೂಡಲೇ ಕಮಾನು ಕೂತುಬಿಟ್ಟಿತು.

ಕಲ್ಲು ಎತ್ತಿದವರು ಕೇರಿಯವರೇ. ಬೇರೆಯವರು ದೂರ ನಿಂತು ಹೇಗೆ ಎತ್ತಬೇಕೆಂದು ಹೇಳುತ್ತಿದ್ದರು. ಗಿಡ್ಡಮ್ಮ ಕೈಯಲ್ಲೇ ಗಾರೆ ಬಗೆದಳು. ಹಸಿ ಸುಣ್ಣ ಅವಳ ಅಂಗೈಯ ಚರ್ಮ ತಿಂದಿತು. ಭೂತಯ್ಯನನ್ನು ಹೊರಗೆಳೆದಾಗ ಅವನ ಬಾಯಿ, ಮೂಗು, ಕಣ್ಣು ಎಲ್ಲ ಸುಣ್ಣದಿಂದ ತುಂಬಿದ್ದವು. ಅವಳು ಬೆರಳು ಹಾಕಿ ತೆಗೆದಳು. ತೆಗೆದಷ್ಟೂ ಬಂತು.

ಸಂಜೆಯೊಳಗೆ ಮಣ್ಣು ಮಾಡಿಸಿದರು. ಮಳೆ ಹಿಡಿದು ಹೊಳೆ ಏರಿದ ಮೇಲೆ ಪಟೇಲರ ಪುಸ್ತಕದಲ್ಲಿ ಒಂದು ಸಾಲು ಬರೆಸಿದರು. ಕೂಲಿ ಭೂತಯ್ಯ ಹೊಳೆ ದಾಟುವಾಗ ಕೊಚ್ಚಿಹೋಗಿ ಸತ್ತ. ಆ ಸಾಲು ಇದೆಯೆಂದು ಗಿಡ್ಡಮ್ಮನಿಗೆ ಯಾರೂ ಹೇಳಿರಲಿಲ್ಲ.

ಈಗ ಸಿದ್ದಬಸಪ್ಪನವರು ಗಾಡಿಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ರೈಟರ್ ಓಂಕಾರಮೂರ್ತಿ ಕಾಗದ ಹಿಡಿದು ನಿಂತಿದ್ದ. ಒಡೇರು ಎಂದೂ ಇಲ್ಲದಷ್ಟು ಮೆತ್ತಗೆ ಮಾತಾಡಿದರು. ಬರುವ ಸೋಮವಾರ ಬೆಂಗಳೂರಿನಿಂದ ದೊಡ್ಡ ಇಂಜಿನಿಯರ್ ಬರುತ್ತಾರೆ, ಸೇತುವೆ ಬೇಕೋ ಬೇಡವೋ ಎಂದು ಕಣ್ಣಾರೆ ನೋಡುತ್ತಾರೆ, ನೀನು ಅವರ ಮುಂದೆ ನಿಂತು ಎರಡು ಮಾತು ಹೇಳಬೇಕು ಎಂದರು. ಆಮೇಲೆ ನಿನಗೆ ಈ ಕಲ್ಲು ಒಡೆಯುವ ಕೆಲಸ ಬೇಡ, ತೋಟದಲ್ಲಿ ಖಾಯಂ ಕೆಲಸ, ಕೂಲಿಗಳ ಲೈನಿನಲ್ಲಿ ಹೆಂಚಿನ ಮನೆ ಎಂದರು.

ಓಂಕಾರಮೂರ್ತಿ ಅರ್ಜಿ ಓದಿದ. ದೊಡ್ಡ ದೊಡ್ಡ ಮಾತುಗಳಿದ್ದವು. ನಡುವೆ ಗಂಡನ ಹೆಸರು ಕೇಳಿಸಿತು. ಭೂತಯ್ಯನೆಂಬ ಬಡ ಕೂಲಿಯು ಸೇತುವೆಯಿಲ್ಲದ ಕಾರಣ ಪ್ರವಾಹಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡದ್ದರಿಂದ ಅವನ ಪತ್ನಿಯು ಅನಾಥಳಾಗಿ ತಮ್ಮ ಪಾದಗಳಲ್ಲಿ ಮೊರೆಯಿಡುತ್ತಿದ್ದಾಳೆ.

ಗಿಡ್ಡಮ್ಮ ಇನ್ನೊಂದು ಸಲ ಓದಲು ಕೇಳಿದಳು. ಅವನು ಓದಲಿಲ್ಲ. ಅವಳು ಹೇಳಬೇಕಾದ ಎರಡು ಮಾತನ್ನು ಮಾತ್ರ ಹೇಳಿಕೊಟ್ಟ. ಹೊಳೆಯ ಕಡೆಗೆ ಕೈ ತೋರಿಸಬೇಕು, ಅಳಬೇಕು. ಒಗೆದ ಸೀರೆ ಉಟ್ಟು ಬರಬಾರದು, ಈಗ ಉಟ್ಟಿರುವುದೇ ಸರಿ. ಒಂದು ಸಲ ಹೇಳಿ ತೋರಿಸು ಎಂದ. ಅವಳು ಸುತ್ತಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಸಿದ್ದಬಸಪ್ಪನವರು ಅವಳ ಕೈಯಲ್ಲಿದ್ದ ಸುತ್ತಿಗೆಯನ್ನು ನೋಡಿದರು. ಆಮೇಲೆ, ನಿನ್ನ ಗುಡಿಸಲು ಯಾರ ಜಾಗದಲ್ಲಿದೆ ಎಂಬುದು ನೆನಪಿದೆಯಲ್ಲ ಎಂದರು. ಆ ಮಾತನ್ನೂ ಮೆತ್ತಗೇ ಹೇಳಿದರು.

ಮನೆಯಲ್ಲಿ ಅತ್ತೆ ಭಾಗಮ್ಮನಿಗೆ ವಿಷಯ ಮೊದಲೇ ತಿಳಿದಿತ್ತು. ಗುರುವಯ್ಯ ಆಗಲೇ ಆಳು ಕಳಿಸಿ ಕೇರಿಯ ಹಿರಿಯ ಬೊಮ್ಮಯ್ಯನಿಗೆ ಹೇಳಿಸಿದ್ದ. ಬೊಮ್ಮಯ್ಯ ಬಂದು ಅಂಗಳದಲ್ಲಿ ಕೂತಿದ್ದ. ಸೊಸೆ ಸುಮ್ಮನೆ ತಲೆಯಾಡಿಸಿ ಬರಲಿ ಎಂಬುದು ಅವನ ಮಾತು. ಸತ್ತವನು ಹೇಗೂ ಬರುವುದಿಲ್ಲ, ಸೇತುವೆಯಾದರೂ ಬರುತ್ತದೆ. ಕೇರಿಯ ಹನ್ನೊಂದು ಮನೆಯೂ ಹಾಗೇ ಹೇಳುತ್ತದೆ ಎಂದ.

ಗಿಡ್ಡಮ್ಮ ಅತ್ತೆಯ ಮುಖ ನೋಡಿದಳು. ಮಗನ ಹೆಸರಿನಲ್ಲಿ ಸುಳ್ಳು ಬರೆದದ್ದಕ್ಕೆ ಮುದುಕಿ ಕೆಂಡವಾಗುತ್ತಾಳೆ ಎಂದುಕೊಂಡಿದ್ದಳು. ಭಾಗಮ್ಮ ಒಲೆಗೆ ಸೌದೆ ಮುಂದೂಡಿದಳು.

"ಹೇಳ್ಬಿಡು," ಎಂದಳು. "ಸೇತುವೆ ಮೇಲೆ ನಡೆಯಕ್ಕೆ ಯಾರನ್ನೂ ಕೇಳ್ಬೇಕಾಗಿಲ್ಲ."

ಅತ್ತೆ ಆ ಮಾತು ಏಕೆ ಹೇಳುತ್ತಿದ್ದಾಳೆಂದು ಗಿಡ್ಡಮ್ಮನಿಗೆ ಗೊತ್ತಿತ್ತು. ಭಾಗಮ್ಮನಿಗೆ ರಾಮಮ್ಮ ಎಂಬ ಮಗಳಿದ್ದಳು. ಎರಡು ವರ್ಷದ ಹಿಂದೆ ಆಷಾಢದಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎರಡು ದಿನ ನೋವು ತಿಂದರೂ ಮಗು ಹೊರಬರಲಿಲ್ಲ. ಈಚೆ ದಂಡೆಯಲ್ಲಿ, ಬಾಳೂರಿನ ಹತ್ತಿರದ ಎಸ್ಟೇಟಿನಲ್ಲಿ, ಔಷಧಿ ಕೊಡುವ ಡ್ರೆಸ್ಸರ್ ಇದ್ದ. ಸಂಕ ಆಗಲೇ ಕೊಚ್ಚಿಹೋಗಿತ್ತು. ಅವಳನ್ನು ಬಿದಿರಿನ ತಟ್ಟಿಯ ಮೇಲೆ ಮಲಗಿಸಿ ದೋಣಿಗಂಡಿಗೆ ಹೊತ್ತು ತಂದರು. ಯಾತ್ರೆ ಮುಗಿಸಿ ಬಂದವರು ದೋಣಿಗೆ ಕಾಯುತ್ತಿದ್ದರು. ದೋಣಿಯ ಚೌಡಯ್ಯ ಮೊದಲು ಅವರನ್ನು ದಾಟಿಸುತ್ತೇನೆ ಎಂದ. ದಾಟಿಸಿದ. ಮತ್ತೆ ಬಂದು ಇನ್ನೊಂದು ಗುಂಪನ್ನು ದಾಟಿಸಿದ. ಮೂರನೇ ಸಲ ಬಂದು, ಮೈಲಿಗೆಯವರನ್ನು ಹತ್ತಿಸಿದರೆ ನಾಳೆ ನನ್ನ ದೋಣಿಗೆ ಯಾರು ಕಾಲಿಡುತ್ತಾರೆ ಎಂದು ದೋಣಿ ಕಟ್ಟಿಹಾಕಿ ಹೋದ. ರಾಮಮ್ಮ ದಂಡೆಯ ಕೆಸರಿನಲ್ಲೇ ಸತ್ತಳು. ಮಗು ಒಳಗೇ ಉಳಿಯಿತು.

ಆ ಸಾವನ್ನು ಅರ್ಜಿಯಲ್ಲಿ ಬರೆಯಲು ಆಗುವುದಿಲ್ಲ. ಬರೆದರೆ ದೋಣಿ ಇತ್ತಲ್ಲ ಎಂದು ಯಾರಾದರೂ ಕೇಳುತ್ತಾರೆ.

ಸೋಮವಾರದವರೆಗೆ ಗಿಡ್ಡಮ್ಮ ಕಲ್ಲು ಒಡೆದಳು. ಪಕ್ಕದಲ್ಲಿ ಕೂತ ಹೆಂಗಸರು ಕೂಡ ಸೇತುವೆಯ ಮಾತನ್ನೇ ಆಡುತ್ತಿದ್ದರು. ನಿನ್ನ ಬಾಯಲ್ಲಿ ಸೇತುವೆ ಇದೆ ಗಿಡ್ಡಿ ಎಂದು ಅಂಜನಮ್ಮ ಹೇಳಿದಳು. ಅವಳು ಗಿಡ್ಡಮ್ಮನ ಜೊತೆ ನಾಲ್ಕು ವರ್ಷದಿಂದ ಒಂದೇ ರಾಶಿಯಲ್ಲಿ ಜಲ್ಲಿ ಒಡೆಯುತ್ತಿದ್ದವಳು, ಹೊಟ್ಟೆಕಿಚ್ಚಿನವಳಲ್ಲ. ಗಿಡ್ಡಮ್ಮ ಇನ್ನೊಂದು ಕಲ್ಲು ಎಳೆದುಕೊಂಡಳು. ಎರಡು ಮಾತು. ಹೊಳೆಯ ಕಡೆಗೆ ಒಂದು ಕೈ. ಅಷ್ಟೇ. ಮಳೆಗಾಲದಲ್ಲಿ ಇನ್ನೊಬ್ಬಳು ಬಸುರಿ ಆ ದಂಡೆಯಲ್ಲಿ ಸತ್ತರೆ ಅದು ತನ್ನ ತಲೆಗೆ ಬರುತ್ತದೆ. ಆದರೆ ಹೇಳಿದರೆ ಭೂತಯ್ಯನನ್ನು ಕೊಂದವರು ಯಾರೂ ಇಲ್ಲವಾಗುತ್ತಾರೆ. ಹೊಳೆಯನ್ನು ಯಾರು ಕೇಳುತ್ತಾರೆ. ಅದೇ ಒಡೇರು ಸೇತುವೆ ಕಟ್ಟುತ್ತಾರೆ. ಅದಕ್ಕೆ ಐದೋ ಆರೋ ಕಮಾನು. ಆಸರೆಯ ಮರ ತೆಗೆಯಲು ಹನ್ನೊಂದನೇ ದಿನ ಒಳಗೆ ತೂರುವವರು ಯಾರೆಂದು ಅವಳಿಗೆ ಗೊತ್ತಿತ್ತು. ಅವರೆಲ್ಲ ಕೇರಿಯ ಅಂಗಳದಲ್ಲಿ ಕೂತು ತಲೆಯಾಡಿಸು ಎನ್ನುತ್ತಿದ್ದರು.

ಸೋಮವಾರ ದೋಣಿಗಂಡಿಯಲ್ಲಿ ಚಪ್ಪರ ಎದ್ದಿತ್ತು. ಮಾವಿನ ತೋರಣ, ಬಿಳಿ ಬಟ್ಟೆ ಹಾಸಿದ ಮೇಜು, ತೋಟಗಾರರು, ಪೇಟೆಯ ಅಂಗಡಿಯವರು. ಕೂಲಿಗಳನ್ನು ಚಪ್ಪರದಿಂದ ಇಪ್ಪತ್ತು ಮಾರು ದೂರ ಬಿಸಿಲಿನಲ್ಲಿ ನಿಲ್ಲಿಸಿ ಮುಂದೆ ಹಗ್ಗ ಕಟ್ಟಿದ್ದರು. ಹೊಳೆಯಲ್ಲಿ ದೋಣಿ ಸಿದ್ಧವಾಗಿತ್ತು. ಇಂಜಿನಿಯರ್ ಆಚೆ ದಂಡೆ ನೋಡಲು ಹೋಗಬೇಕಾದ್ದರಿಂದ ಅದನ್ನು ತೊಳೆದು, ಜಮಖಾನೆ ಹಾಸಿ, ದಿಂಬು ಇಟ್ಟಿದ್ದರು. ಚೌಡಯ್ಯ ಒಗೆದ ಪಂಚೆ ಉಟ್ಟು ಗಳ ಹಿಡಿದು ನಿಂತಿದ್ದ.

ಹನ್ನೊಂದು ಗಂಟೆಗೆ ಮೋಟಾರು ಬಂತು. ಇಂಜಿನಿಯರ್ ಪೇಟ ಕಟ್ಟಿದ, ಕನ್ನಡಕ ಹಾಕಿದ, ಆಯಾಸಗೊಂಡ ಮನುಷ್ಯ. ಹಾರ ಹಾಕಿದರು. ಕಾಫಿ ಕೊಟ್ಟರು. ಸಿದ್ದಬಸಪ್ಪನವರು ಎದ್ದು ಬಹಳ ಹೊತ್ತು ಮಾತಾಡಿದರು. ಸಂಘಕ್ಕೆ ಲಾಭದ ಆಸೆಯಿಲ್ಲ, ಈ ಹೊಳೆ ಬಡವರನ್ನು ನುಂಗುತ್ತಿರುವುದನ್ನು ನೋಡಲಾಗದೆ ಬೇಡಿಕೊಳ್ಳುತ್ತಿದ್ದೇವೆ ಎಂದರು. ಅರ್ಜಿಯನ್ನು ಓದಿದ್ದಾಯಿತು. ಆಮೇಲೆ ಗುರುವಯ್ಯ ಗಿಡ್ಡಮ್ಮನಿಗೆ ಸನ್ನೆ ಮಾಡಿದ. ಅವಳು ಹಗ್ಗದ ಹತ್ತಿರ ಬಂದಳು. ಹಿಂದೆ ಭಾಗಮ್ಮ ನಿಂತಿದ್ದಳು.

ಇಂಜಿನಿಯರ್ ಕಾಗದದಿಂದ ಕಣ್ಣೆತ್ತದೆ, ನಿನ್ನ ಗಂಡ ಈ ಹೊಳೆಯಲ್ಲಿ ಸತ್ತನೇ ಎಂದು ಕೇಳಿದರು.

ಚಪ್ಪರದ ಎಲ್ಲ ಮುಖಗಳೂ ಗಿಡ್ಡಮ್ಮನ ಕಡೆಗಿದ್ದವು. ಓಂಕಾರಮೂರ್ತಿಯ ತುಟಿ ಅವಳು ಹೇಳಬೇಕಾದ ಮಾತಿನ ಮೇಲೆ ಆಗಲೇ ಅಲುಗುತ್ತಿತ್ತು.

"ಇಲ್ಲ ಸ್ವಾಮಿ," ಎಂದಳು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಇಂಜಿನಿಯರ್ ತಲೆಯೆತ್ತಿದರು.

"ಅವ್ನ ಬಾಯಲ್ಲಿ ನೀರಿರ್ಲಿಲ್ಲ. ಸುಣ್ಣ ಇತ್ತು. ನಾನೇ ತೆಗ್ದಿದ್ದು. ಮೂರನೇ ಮೈಲಿ ಮೋರಿ ಕಮಾನು ಬಿದ್ದು ಸತ್ತ. ಗಾರೆ ಹಸಿ ಇತ್ತು. ಹನ್ನೊಂದೇ ದಿನಕ್ಕೆ ಮರ ತೆಗೆಸಿದ್ರು. ತೆಗೆಸಿದೋರು ಅಲ್ಲಿ ನಿಂತಿದಾರೆ."

ಅವಳು ಕೈ ತೋರಿಸಿದಳು. ಹೊಳೆಯ ಕಡೆಗಲ್ಲ, ಸಿದ್ದಬಸಪ್ಪನವರ ಕಡೆಗೆ.

ಗುರುವಯ್ಯ ಬೆತ್ತ ಎತ್ತಿಕೊಂಡು ಓಡಿಬಂದ. ಹಗ್ಗದ ಹತ್ತಿರ ಬಂದು ನಿಂತುಬಿಟ್ಟ. ಅವಳ ತೋಳು ಹಿಡಿದು ಎಳೆಯಬೇಕಾದರೆ ಮುಟ್ಟಬೇಕು. ಇಷ್ಟು ಜನರ ಮುಂದೆ ಮುಟ್ಟಿದರೆ ಮೇಜಿನ ಹತ್ತಿರಕ್ಕೆ ವಾಪಸು ಹೋಗುವಂತಿಲ್ಲ. ಬೆತ್ತವನ್ನು ಗಾಳಿಯಲ್ಲಿ ಆಡಿಸುತ್ತ ಬಾಯಿ ಮುಚ್ಚು ಎಂದ. ಗಿಡ್ಡಮ್ಮ ಅಲ್ಲೇ ನಿಂತಳು.

ಸಿದ್ದಬಸಪ್ಪನವರು ನಕ್ಕರು. ಗಂಡ ಸತ್ತ ದುಃಖಕ್ಕೆ ಈ ಹೆಂಗಸಿನ ತಲೆ ಕೆಟ್ಟಿದೆ, ಪಟೇಲರ ಪುಸ್ತಕದಲ್ಲಿ ಎಲ್ಲ ಸರಿಯಾಗಿ ಬರೆದಿದೆ ಎಂದರು. ಬೇಕಾದರೆ ಸತ್ತವನ ತಾಯಿಯೇ ಇದ್ದಾಳೆ, ಹೆತ್ತವಳನ್ನು ಕೇಳಿ ಎಂದರು. ಭಾಗಮ್ಮ ಒಪ್ಪಿದ್ದಾಳೆಂದು ಬೊಮ್ಮಯ್ಯ ಅವರಿಗೆ ಹೇಳಿ ಕಳಿಸಿದ್ದ.

ಭಾಗಮ್ಮ ಸೊಸೆಯ ಪಕ್ಕಕ್ಕೆ ಬಂದಳು. ಇಂಜಿನಿಯರ್ ಅದೇ ಪ್ರಶ್ನೆ ಕೇಳಿದರು. ಗಿಡ್ಡಮ್ಮ ಅತ್ತೆಯ ಕಡೆಗೆ ನೋಡಲಿಲ್ಲ. ಅತ್ತೆ ಏನು ಹೇಳಿದರೂ ಅವಳನ್ನು ಬೈಯಲು ತನ್ನಿಂದಾಗದು ಎಂದು ಅವಳಿಗೆ ಅನ್ನಿಸಿತ್ತು.

"ಸುಳ್ಳು ಹೇಳಕ್ಕೇ ಬಂದಿದ್ದೆ ಸ್ವಾಮಿ," ಎಂದಳು ಭಾಗಮ್ಮ. "ಸೇತುವೆ ಬತ್ತದೆ ಅಂತ. ಆದ್ರೆ ಅವ್ಳು ಹೇಳಿದ್ದೇ ನಿಜ. ನನ್ನ ಮಗ ಇವ್ರ ಮೋರಿ ಅಡಿ ಸತ್ತ. ನನ್ನ ಮಗಳು ಅಗಾ, ಆ ದಂಡೆಲಿ ಸತ್ಲು. ಹೊಟ್ಟೇಲಿ ಕೂಸಿತ್ತು. ದೋಣಿ ಇತ್ತು, ನಮ್ಮನ್ನ ಹತ್ತಿಸ್ಲಿಲ್ಲ. ನಮ್ಮನೇಲಿ ಹೊಳೆ ಯಾರನ್ನೂ ಕೊಂದಿಲ್ಲ. ಎರಡೂ ಬರ್ಕೊಳ್ಳಿ."

ಚಪ್ಪರದಲ್ಲಿ ಯಾರೋ ಕೆಮ್ಮಿದರು. ಒಬ್ಬ ತೋಟಗಾರ ಎದ್ದು ಮೋಟಾರಿನ ಕಡೆ ಹೋದ. ಇಂಜಿನಿಯರ್ ಕನ್ನಡಕ ತೆಗೆದು ಒರೆಸಿಕೊಂಡರು. ವಿಚಾರಣೆ ಮಾಡಿಸೋಣ ಎಂದರು. ಆ ಮಾತನ್ನು ಯಾರಿಗೆ ಹೇಳಿದರೆಂದು ತಿಳಿಯಲಿಲ್ಲ. ಎದ್ದು ನಿಂತರು.

"ಬರ್ಕೊಳ್ಳಿ ಸ್ವಾಮಿ," ಎಂದಳು ಗಿಡ್ಡಮ್ಮ. "ಸುಳ್ಳು ಬರ್ದಾಗದೆ. ನಿಜಾನೂ ಬರ್ದು ಹೋಗಿ."

ಇಂಜಿನಿಯರ್ ಅವಳನ್ನು ಆಗ ಮೊದಲ ಸಲ ಸರಿಯಾಗಿ ನೋಡಿದರು. ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ನಿಂತಲ್ಲೇ ಎರಡು ಸಾಲು ಬರೆದರು. ಏನು ಬರೆದರೆಂದು ಅವಳಿಗೆ ತಿಳಿಯಲಿಲ್ಲ, ಅವಳಿಗೆ ಓದಲು ಬರುತ್ತಿರಲಿಲ್ಲ. ಸಿದ್ದಬಸಪ್ಪನವರು ಆ ಪೆನ್ನು ಚಲಿಸುವುದನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ನಗು ಉಳಿದಿರಲಿಲ್ಲ. ಆಚೆ ದಂಡೆ ನೋಡುವುದೊಂದು ಬಾಕಿಯಿದೆ, ದಯಮಾಡಿಸಬೇಕು ಎಂದು ಅವರು ದೋಣಿಯ ದಾರಿ ತೋರಿಸಿದರು.

ಆಗ ಭಾಗಮ್ಮ ಹಗ್ಗದ ಅಡಿಯಿಂದ ಬಗ್ಗಿ ಈಚೆ ಬಂದಳು.

ಅವಳು ಚಪ್ಪರದ ಕಡೆ ಹೋಗಲಿಲ್ಲ. ಹೊಳೆಗಿಳಿಯುವ ದಾರಿಯಲ್ಲಿ ನೇರ ನಡೆದಳು. ಜನ ತಾವಾಗಿಯೇ ಹಿಂದೆ ಸರಿದು ದಾರಿ ಬಿಟ್ಟರು. ತಾಗಬಾರದಲ್ಲ. ಚೌಡಯ್ಯ ಏನಾಗುತ್ತಿದೆಯೆಂದು ತಿಳಿಯುವ ಹೊತ್ತಿಗೆ ಮುದುಕಿ ದೋಣಿಯ ಅಂಚು ಹಿಡಿದು ಒಳಗೆ ಕಾಲಿಟ್ಟಾಗಿತ್ತು. ಜಮಖಾನೆಯ ಮೇಲೆ ಕೂತಳು. ಚೌಡಯ್ಯ ಗಳವನ್ನು ದೋಣಿಯೊಳಗೇ ಬಿಟ್ಟು, ಕಾಲಿಗೆ ಹಾವು ಸುತ್ತಿದವನ ಹಾಗೆ ದಂಡೆಗೆ ಹಾರಿದ.

ಗಿಡ್ಡಮ್ಮನಿಗೆ ಇದು ಗೊತ್ತಿರಲಿಲ್ಲ. ಅತ್ತೆ ಹೀಗೆ ಮಾಡುತ್ತಾಳೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಎರಡು ವರ್ಷ ಆ ಹೆಂಗಸು ದೋಣಿಗಂಡಿಯ ಕಡೆ ಮುಖ ಹಾಕಿದವಳಲ್ಲ. ಗಿಡ್ಡಮ್ಮ ಹಗ್ಗ ದಾಟಿ ಓಡಿದಳು. ದೋಣಿ ಹತ್ತಿ ಅತ್ತೆಯ ಪಕ್ಕದಲ್ಲಿ ಕೂತಳು. ಅವಳ ಕೈ ಹಿಡಿದುಕೊಂಡಳು.

ದಂಡೆಯಲ್ಲಿ ಗದ್ದಲವೆದ್ದಿತು. ಇಳಿಯಿರಿ ಎಂದರು. ಕಲ್ಲು ಹೊಡೆಯುತ್ತೇವೆ ಎಂದರು. ಹತ್ತಿರ ಬಂದು ಎಳೆಯುವವರು ಯಾರೂ ಇರಲಿಲ್ಲ. ಸಿದ್ದಬಸಪ್ಪನವರು ಇಂಜಿನಿಯರ್ ಕಡೆ ತಿರುಗಿ, ಒಂದು ಗಳಿಗೆ ತಡೆಯಬೇಕು, ದೋಣಿ ಶುದ್ಧಿ ಮಾಡಿಸುತ್ತೇನೆ ಎಂದರು. ದೋಣಿಯಲ್ಲಿ ಹತ್ತು ಜನರಿಗೆ ಜಾಗವಿತ್ತು. ಇಂಜಿನಿಯರ್ ಹತ್ತಬಹುದಾಗಿತ್ತು. ಅವರು ದೋಣಿಯನ್ನು ನೋಡಿದರು, ಅದರಲ್ಲಿ ಕೂತ ಇಬ್ಬರು ಹೆಂಗಸರನ್ನು ನೋಡಿದರು, ಕೈಗಡಿಯಾರ ನೋಡಿಕೊಂಡರು. ಆಚೆ ದಂಡೆಯನ್ನು ಇನ್ನೊಂದು ಸಲ ಬಂದಾಗ ನೋಡುತ್ತೇನೆ ಎಂದು ಮೋಟಾರು ಹತ್ತಿ ಹೊರಟುಹೋದರು.

ಸಿದ್ದಬಸಪ್ಪನವರು ಮೋಟಾರಿನ ಧೂಳು ಅಡಗುವವರೆಗೆ ನೋಡಿದರು. ಆಮೇಲೆ ದಂಡೆಯ ತುದಿಗೆ ಬಂದರು. ಎರಡು ವರ್ಷದ ಕೆಲಸವನ್ನು ಒಂದು ಗಳಿಗೆಯಲ್ಲಿ ಹಾಳು ಮಾಡಿದೆ ಎಂದರು. ನಾಳೆ ಬೆಳಿಗ್ಗೆ ನಿನ್ನ ಗುಡಿಸಲಿನ ಒಂದು ಗಳವೂ ನಿಂತಿರುವುದಿಲ್ಲ ಎಂದರು. ದೋಣಿ ಹೇಗೆ ದಾಟಿಸುತ್ತೀಯ ನೋಡುತ್ತೇನೆ, ಇಲ್ಲೇ ಕೂತು ಸಾಯಿ ಎಂದರು. ಚೌಡಯ್ಯನಿಗೆ ಹತ್ತಿರ ಹೋಗಬೇಡ ಎಂದು ಹೇಳಿ ಚಪ್ಪರಕ್ಕೆ ತಿರುಗಿದರು.

ಇಬ್ಬರೂ ಕೂತೇ ಇದ್ದರು. ಬಿಸಿಲು ನೆತ್ತಿಗೆ ಬಂತು. ಅಕ್ಕಿಮೂಟೆ ಇಟ್ಟುಕೊಂಡು ಆಚೆಗೆ ಹೋಗಲು ಕಾಯುತ್ತಿದ್ದವರು ಬೈದು ಬೈದು ಸುಸ್ತಾದರು. ದಂಡೆಯಿಂದ ಒಂದು ಕಲ್ಲು ಬಂದು ಗಿಡ್ಡಮ್ಮನ ಭುಜಕ್ಕೆ ಬಿತ್ತು. ಅವಳು ಭುಜ ಉಜ್ಜಿಕೊಳ್ಳಲಿಲ್ಲ. ಅದು ಅವಳೇ ಒಡೆದ ಜಲ್ಲಿ, ಅಂಚುಗಳು ಇನ್ನೂ ಹರಿತವಾಗಿದ್ದವು.

ಹಗ್ಗದ ಹಿಂದೆ ಕೂಲಿ ಹೆಂಗಸರು ನಿಂತಿದ್ದರು. ಮೊದಲು ಅಲುಗಿದವಳು ಅಂಜನಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದು ಬಂದಳು. ಏನೂ ಹೇಳದೆ ದೋಣಿ ಹತ್ತಿದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಇಬ್ಬರು ಒಟ್ಟಿಗೆ. ದೋಣಿ ಅವರ ಭಾರಕ್ಕೆ ತಗ್ಗಿತು. ಆರು ಹೆಂಗಸರಾದರು. ಗುರುವಯ್ಯ ಅವರ ಹೆಸರು ಒಂದೊಂದಾಗಿ ಕೂಗಿ, ನಾಳೆಯಿಂದ ಕೆಲಸವಿಲ್ಲ ಎಂದ.

ಗಿಡ್ಡಮ್ಮ ಎದ್ದು ನಿಂತಳು. ಚೌಡಯ್ಯ ಬಿಟ್ಟುಹೋದ ಗಳ ಅಲ್ಲೇ ಬಿದ್ದಿತ್ತು. ಅವಳು ಎಂದೂ ದೋಣಿ ನಡೆಸಿದವಳಲ್ಲ. ಆದರೆ ಹಾರೆ ಎತ್ತಿದ ಕೈ, ಕಲ್ಲು ಹೊತ್ತ ಬೆನ್ನು. ಅಂಜನಮ್ಮ ಬಗ್ಗಿ ಕಟ್ಟು ಬಿಚ್ಚಿದಳು. ಗಿಡ್ಡಮ್ಮ ಗಳವನ್ನು ನೀರಿನ ತಳಕ್ಕೆ ಊರಿ ಎದೆಯಿಂದ ಒತ್ತಿದಳು. ದೋಣಿ ಒಂದು ಸುತ್ತು ತಿರುಗಿತು. ದಂಡೆಯಲ್ಲಿ ಯಾರೋ ನಕ್ಕರು. ಮತ್ತೆ ಊರಿದಳು. ಪುಷ್ಯದ ಹೊಳೆ, ಸೆಳೆತ ಕಡಿಮೆ. ದೋಣಿ ವಾರೆಯಾಗಿ, ಅಡ್ಡಾದಿಡ್ಡಿಯಾಗಿ ನಡುನೀರಿಗೆ ಬಂತು. ಅಂಗೈಯ ಹಳೆಯ ಸುಣ್ಣದ ಗಾಯಗಳು ಬಿರಿದು ಗಳ ಜಾರತೊಡಗಿತು. ಸೀರೆಯ ಸೆರಗು ಸುತ್ತಿ ಹಿಡಿದಳು. ಭಾಗಮ್ಮ ನೀರಿನ ಕಡೆ ನೋಡುತ್ತ ಕೂತಿದ್ದಳು. ಅಳುತ್ತಿದ್ದಳೋ ಇಲ್ಲವೋ ಗಿಡ್ಡಮ್ಮನಿಗೆ ಕಾಣಲಿಲ್ಲ. ದೋಣಿ ಕಟ್ಟುವ ಜಾಗಕ್ಕಿಂತ ಐವತ್ತು ಮಾರು ಕೆಳಗೆ, ಮುಳ್ಳುಪೊದೆಗಳ ನಡುವೆ ದಂಡೆ ಮುಟ್ಟಿದರು. ಸಂಕದ ದಾರಿಯಲ್ಲಿ ಒಂದು ಗಂಟೆ ಹಿಡಿಯುವ ಮನೆಗೆ ಹತ್ತು ನಿಮಿಷದಲ್ಲಿ ಬಂದಿದ್ದರು.

ಮಾರನೆಯ ದಿನ ಸಿದ್ದಬಸಪ್ಪನವರ ತೋಟದ ಆಳುಗಳು ಬಂದು ಗುಡಿಸಲು ಕಿತ್ತುಹಾಕಿದರು. ಮಡಕೆಗಳನ್ನು ಒಡೆದರು. ಗಿಡ್ಡಮ್ಮ, ಭಾಗಮ್ಮ ಸುಮ್ಮನೆ ನಿಂತು ನೋಡಿದರು. ಎಲ್ಲ ಮುಗಿದ ಮೇಲೆ ಬೊಮ್ಮಯ್ಯ ಬಂದ. ಅವನ ಹಣೆ ಒಡೆದಿತ್ತು. ದೋಣಿ ಕದ್ದವರನ್ನು ಒಪ್ಪಿಸು ಎಂದು ಅವನನ್ನು ಕರೆಸಿ ಹೊಡೆದಿದ್ದರು. ಅವನು ಬೈಯುತ್ತಾನೆ ಎಂದುಕೊಂಡರು. ಬೈದ. ಸೇತುವೆ ಕಳೆದೆ ಗಿಡ್ಡಿ ಎಂದ. ಆಮೇಲೆ ಕಿತ್ತುಬಿದ್ದ ಗಳಗಳನ್ನು ಹೆಗಲಿಗೇರಿಸಿಕೊಂಡು ತನ್ನ ಹಿತ್ತಿಲಿಗೆ ನಡೆದ. ಅಲ್ಲೇ ಮಾಡು ಕಟ್ಟಿಕೊಟ್ಟ.

ಆ ವರ್ಷದ ಮಂಜೂರಾತಿಯಲ್ಲಿ ದೋಣಿಗಂಡಿಯ ಹೆಸರು ಇರಲಿಲ್ಲ. ಇಂಜಿನಿಯರ್ ಬರೆದ ಎರಡು ಸಾಲಿನಿಂದ ಹಾಗಾಯಿತೋ, ಬೊಕ್ಕಸದಲ್ಲಿ ಹಣವೇ ಇರಲಿಲ್ಲವೋ, ಕೇರಿಗೆ ತಿಳಿಯಲಿಲ್ಲ. ಮೋರಿಯ ವಿಚಾರಣೆಗೆ ಯಾರೂ ಬರಲಿಲ್ಲ. ಸಿದ್ದಬಸಪ್ಪನವರಿಗೆ ಕೊಪ್ಪದ ಕಡೆ ಬೇರೆ ಕೆಲಸ ಸಿಕ್ಕಿತು.

ಆದರೆ ಅದೆಲ್ಲ ಆಮೇಲೆ. ದೋಣಿ ದಾಟಿದ ಮರುದಿನದಿಂದ ಕೇರಿಯ ಒಬ್ಬ ಹೆಂಗಸೂ ಕಲ್ಲು ಒಡೆಯಲು ಹೋಗಲಿಲ್ಲ. ದೋಣಿ ಹತ್ತಿದವರನ್ನು ತೆಗೆದರೆ ಉಳಿದವರು ಬರುತ್ತಾರೆ ಎಂದುಕೊಂಡಿದ್ದ ಗುರುವಯ್ಯ ಮೂರು ದಿನ ಕಾದ. ಕಾಫಿ ಇಳಿಸುವ ಕಾಲ. ರಸ್ತೆಗೆ ಜಲ್ಲಿ ಬೀಳದೆ ಗಾಡಿಗಳ ಗಾಲಿ ಹೂತು ನಿಂತವು. ತೋಟಗಾರರು ಸಿದ್ದಬಸಪ್ಪನವರ ಮನೆಗೇ ಹೋಗಿ ಕೇಳತೊಡಗಿದರು. ಕೇರಿಯಲ್ಲಿ ಒಲೆ ಒಪ್ಪೊತ್ತು ಉರಿಯಿತು, ಆಮೇಲೆ ಅದೂ ಇಲ್ಲ. ಕಾಡಿನ ಗೆಡ್ಡೆ ಅಗೆದು ತಂದು ಬೇಯಿಸಿದರು. ಒಂಬತ್ತನೆಯ ದಿನ ಬೆಳಿಗ್ಗೆ ಗುರುವಯ್ಯ ದೋಣಿ ದಾಟಿ, ಏರು ಹತ್ತಿ ಕೇರಿಗೆ ಬಂದ. ಆ ಕೇರಿಗೆ ಅವನು ಬಂದದ್ದು ಅದೇ ಮೊದಲು. ಬೇಲಿಯ ಆಚೆ ನಿಂತು ಕೂಗಿದ. ಎಲ್ಲರೂ ಕೆಲಸಕ್ಕೆ ಬರಬಹುದು, ಗಿಡ್ಡಿ ಒಬ್ಬಳು ಬೇಡ ಎಂದ.

ಅಂಜನಮ್ಮ, ಅವಳು ಬರದಿದ್ದರೆ ಯಾರೂ ಇಲ್ಲ ಎಂದಳು. ಅವನು ಆಗಲಿ ಎಂದ. ಬೇಗ ಹೊರಡಿ, ಸಂಕ ದಾಟಿ ಬರುವಷ್ಟರಲ್ಲಿ ಹೊತ್ತಾಗುತ್ತದೆ ಎಂದ.

ಗಿಡ್ಡಮ್ಮ ಬೇಲಿಯ ಹತ್ತಿರ ಬಂದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಸಂಕದ ಮೇಲೆ ಬರಲ್ಲ," ಎಂದಳು. "ದೋಣೀಲಿ ಬರ್ತೀವಿ. ಇವತ್ತೂ, ನಾಳೇನೂ."

ಅದು ತನ್ನ ಕೈಯಲ್ಲಿಲ್ಲ, ಒಡೇರನ್ನ ಕೇಳಬೇಕು, ಚೌಡಯ್ಯನನ್ನ ಕೇಳಬೇಕು, ಕೇಳಿ ಬಂದು ಹೇಳುತ್ತೇನೆ ಎಂದ ಗುರುವಯ್ಯ.

"ಕೇಳಕ್ಕೆ ಹೇಳ್ತಾ ಇಲ್ಲ," ಎಂದಳು ಗಿಡ್ಡಮ್ಮ. "ಹೋಗಿ ಹೇಳಿ ಅಂತಿದೀನಿ."

ಅವನು ಇಳಿಜಾರಿನಲ್ಲಿ ಇಳಿಯತೊಡಗಿದ. ಅವನು ಹೊಳೆ ಮುಟ್ಟುವ ಮುಂಚೆಯೇ ಹೆಂಗಸರು ಬೆರಳಿಗೆ ಬಟ್ಟೆ ಸುತ್ತಿಕೊಂಡು, ಸುತ್ತಿಗೆ ಎತ್ತಿಕೊಂಡು ಅವನ ಹಿಂದೆಯೇ ಹೊರಟಿದ್ದರು.